ಬಾಡಿಗೆಗೆ ಒಂದೇ ದಿನ, ಬ್ಯಾಂಕ್ ಸಾಲಕ್ಕೆ ವರ್ಷಗಳು: ಹೊಸ ಲೆಕ್ಕ ಯಾಕಿಷ್ಟು ತಡ?

2019ರ ಏಪ್ರಿಲ್ 1ರಂದು 'ಇಂಡ್ ಎಎಸ್ 116' ಲೆಕ್ಕಪತ್ರ ಮಾನದಂಡ ಜಾರಿಯಾದಾಗ ವಿಮಾನಯಾನ, ರಿಟೇಲ್ ಕಂಪನಿಗಳ ಸಾಲದ ಬಾಬ್ತು ಒಮ್ಮೆಲೇ ಹಿಗ್ಗಿತು. ಹೊಸದಾಗಿ ಸಾಲ ಮಾಡಿದ್ದಲ್ಲ. ಅಡಿಟಿಪ್ಪಣಿಯಲ್ಲಿದ್ದ ಗುತ್ತಿಗೆ ಬಾಡಿಗೆ ಬ್ಯಾಲೆನ್ಸ್ ಶೀಟ್‌ಗೆ ಬಂತು, ಅಷ್ಟೇ. ಕಟ್ಟುವ ಹಣ ಬದಲಾಗಲಿಲ್ಲ.

ಸಾಲ ನಷ್ಟದ ಲೆಕ್ಕ ಅಷ್ಟು ಸಲೀಸಲ್ಲ. ಬ್ಯಾಂಕ್‌ಗಳು ಈಗ ದೊಡ್ಡ ಮೊತ್ತ ತೆಗೆದಿರಿಸುವುದು ಕಂತು 90 ದಿನ ದಾಟಿ ಸಾಲ ಎನ್‌ಪಿಎ ಆದ ಮೇಲೆ. 'ನಿರೀಕ್ಷಿತ ನಷ್ಟ' ಪದ್ಧತಿಯಲ್ಲಿ ಸಾಲ ಕೊಟ್ಟಾಗಲೇ ಮೀಸಲು ಶುರು. ಕಂತು 30 ದಿನ ದಾಟಿದರೆ ಸಾಮಾನ್ಯವಾಗಿ ಪೂರ್ಣ ಅವಧಿಯ ನಷ್ಟವನ್ನೇ ಲೆಕ್ಕ ಹಾಕಬೇಕು. ಹೊಡೆತ ನೇರ ಬಂಡವಾಳಕ್ಕೆ.

ದೊಡ್ಡ ಎನ್‌ಬಿಎಫ್‌ಸಿಗಳು 2018ರಲ್ಲೇ ಇದಕ್ಕೆ ಬದಲಾದವು. ಬ್ಯಾಂಕ್‌ಗಳ ಪಾಲಿಗೆ ಮಾತ್ರ ಆರ್‌ಬಿಐ, ಕಾಯ್ದೆ ತಿದ್ದುಪಡಿ ಬಾಕಿಯಿದೆ ಎಂದು 2019ರಲ್ಲಿ ಅನಿರ್ದಿಷ್ಟಾವಧಿಗೆ ಮುಂದೂಡಿತು. ಆಗ ಸರ್ಕಾರಿ ಬ್ಯಾಂಕ್‌ಗಳು ಎನ್‌ಪಿಎ ಹೊರೆಯಲ್ಲಿದ್ದವು ಎನ್ನುವುದೂ ನಿಜ. ಈಗ ಆ ನೆಪವಿಲ್ಲ. ಆದರೂ 2025ರ ಅಕ್ಟೋಬರ್‌ನ ಕರಡು ಜಾರಿಗೆ 2027ರ ಏಪ್ರಿಲ್ 1ನ್ನು ಗೊತ್ತುಪಡಿಸಿ, ಆರಂಭದ ಹೊರೆಯನ್ನು 2031ರ ಮಾರ್ಚ್‌ವರೆಗೆ ಹಂಚಿಕೊಳ್ಳಲು ಬಿಟ್ಟಿತು. ಇದು ಧಾರಾಳತನವೇ ಸರಿ.

ಅಲ್ಲಿಯವರೆಗೆ, ಇಎಂಐ 45 ದಿನ ಬಾಕಿ ಇಟ್ಟ ಗ್ರಾಹಕ ದೊಡ್ಡ ಎನ್‌ಬಿಎಫ್‌ಸಿಯ ಪುಸ್ತಕದಲ್ಲಿ ಸಾಮಾನ್ಯವಾಗಿ 'ಎರಡನೇ ಹಂತ'; ಬ್ಯಾಂಕ್‌ನಲ್ಲಿ ಇನ್ನೂ 'ಸ್ಟ್ಯಾಂಡರ್ಡ್'.