ಪುಕ್ಕಟೆಯ ಬಿಡಾರ

ನೇತ್ರಾವತಿಯ ದಡದಲ್ಲಿರುವ ನಮ್ಮ ಪಾಣೆಮಂಗಳೂರಿನವರಿಗೆ ನೆರೆಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1923ರ ಮಾರಿಬೊಳ್ಳದ ಕತೆಯನ್ನು ಹಿರಿಯರಿಂದ ಕೇಳಿದವರು, 1974ರ ನೆರೆಯನ್ನು ಕಣ್ಣಾರೆ ಕಂಡವರು ಇಲ್ಲಿ ಇಂದಿಗೂ ಇದ್ದಾರೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳು ಅಂಥವರ ಮನೆಗಳಿಗೆ ಹೋಗಿ, ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತು, ದನಕರುಗಳನ್ನು ಎಲ್ಲಿಗೆ ಅಟ್ಟಿದರು, ಅಕ್ಕಿಮುಡಿಗಳ ಗತಿ ಏನಾಯಿತು ಎಂಬುದನ್ನೆಲ್ಲ ಕೇಳಿ ಬರೆದು ತಂದರು. ಜೊತೆಗೆ ಅಜ್ಜಿಯರು ಹೇಳಿದ ತುಳು ಒಗಟುಗಳೂ ಬಂದುವು. ಅಚ್ಚು ಹಾಕಿಸಲು ನಮ್ಮಲ್ಲಿ ಹಣವೆಲ್ಲಿಯದು? ಅಂತರ್ಜಾಲದಲ್ಲಿ ಕಾಸಿಲ್ಲದೆ ಜಾಗ ಕೊಡುವ ಸಂಸ್ಥೆಯೊಂದನ್ನು ಜಾಣ ಹುಡುಗನೊಬ್ಬ ಹುಡುಕಿ, ಎಲ್ಲವನ್ನೂ ಅಲ್ಲಿ ಏರಿಸಿದ. ಊರಿಗೆ ಊರೇ ಸಂತೋಷಪಟ್ಟಿತು. ಕೆಲವು ವರ್ಷಗಳ ಮೇಲೆ ಒಂದು ದಿನ ನೋಡಿದರೆ ನಮ್ಮ ಪುಟಗಳೂ ಇಲ್ಲ, ಜಾಗ ಕೊಟ್ಟ ಸಂಸ್ಥೆಯೂ ಇಲ್ಲ! ಮುನ್ಸೂಚನೆಯ ಪತ್ರ ಬಂದಿತ್ತಂತೆ. ಬಂದದ್ದು ಆ ಹುಡುಗ ಎಂದೋ ಕೈಬಿಟ್ಟಿದ್ದ ವಿಳಾಸಕ್ಕೆ.

ಇದು ನಮ್ಮೊಬ್ಬರ ಪಾಡೆಂದು ವಾಚಕರು ಭಾವಿಸಬೇಕಾಗಿಲ್ಲ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ಸೇವೆ ಬಯಸಿದವರಿಗೆಲ್ಲ ಪುಕ್ಕಟೆಯಾಗಿ ನಿವೇಶನ ಹಂಚಿತು. 1999ರಲ್ಲಿ ಯಾಹೂ ಸಂಸ್ಥೆ ಅದನ್ನು ಕೋಟ್ಯಂತರ ಡಾಲರು ತೆತ್ತು ಕೊಂಡಿತು. ಹತ್ತೇ ವರ್ಷಗಳಲ್ಲಿ, 2009ರ ಅಕ್ಟೋಬರಿನಲ್ಲಿ, ಬಾಗಿಲು ಹಾಕಿತು. ಲಕ್ಷಾಂತರ ಜನರ ಪುಟಗಳು ಒಂದೇ ಏಟಿಗೆ ಹೋದುವು. ಕೆಲವು ಸ್ವಯಂಸೇವಕರು ಹಗಲಿರುಳು ದುಡಿದು ಸಾಧ್ಯವಾದಷ್ಟನ್ನು ನಕಲಿಸಿಕೊಂಡದ್ದರಿಂದ ಅದರ ಒಂದು ಪಾಲು ಉಳಿಯಿತು. ಆರ್ಕುಟ್ 2014ರಲ್ಲಿ ಮುಚ್ಚಿತು. ಯಾಹೂ ಗುಂಪುಗಳು 2020ರಲ್ಲಿ ಮುಗಿದುವು. ಅಲ್ಲೆಲ್ಲ ಕನ್ನಡಿಗರು ಎಷ್ಟು ಹರಟಿದ್ದರು, ಎಷ್ಟು ಕವಿತೆಗಳನ್ನು ತಿದ್ದಿಕೊಂಡಿದ್ದರು!

ಆ ಸಂಸ್ಥೆಗಳನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ. ಬಾಡಿಗೆಯ ಮನೆಯಿಂದ ಎಬ್ಬಿಸಿದರೆ ಕೇಳುವ ಹಕ್ಕು ಉಂಟು. ಧರ್ಮಛತ್ರದಲ್ಲಿ ಇಳಿದವನಿಗೆ ಯಾವ ಹಕ್ಕು? ಇದು ಧರ್ಮಛತ್ರವೂ ಅಲ್ಲವೆನ್ನಿ. ನಮ್ಮ ಬರಹದ ಮಗ್ಗುಲಲ್ಲಿ ಜಾಹೀರಾತು ಅಂಟಿಸಿ ಬಂದ ಲಾಭದಿಂದ ನಡೆಯುವ ವ್ಯಾಪಾರವದು. ಲಾಭ ಬತ್ತಿದ ದಿನ ಛತ್ರಕ್ಕೆ ಬೀಗ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ಕ್ರಮವನ್ನು 2023ರ ಡಿಸೆಂಬರಿನಿಂದ ಗೂಗಲ್ ಸಂಸ್ಥೆಯೂ ಆರಂಭಿಸಿತು. ಬದುಕಿರುವ ಲೇಖಕ ಎಚ್ಚರವಾಗಿರಬಹುದು. ತೀರಿಕೊಂಡ ಲೇಖಕ ಎರಡು ವರ್ಷಕ್ಕೊಮ್ಮೆ ಬಂದು ಬಾಗಿಲು ತಟ್ಟುವುದು ಹೇಗೆ?

ಹಾಗಾದರೆ ಹಣ ಕೊಟ್ಟು ಜಾಗ ಪಡೆಯೋಣ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಹಣ ಕಟ್ಟುವವರು ಮರೆತರೆ, ಬೇಸತ್ತರೆ, ಸತ್ತರೆ ಆ ಮನೆಯೂ ಹೋಗುತ್ತದೆ. ಉತ್ಸಾಹದಿಂದ ಹಣ ಸುರಿದು ಕಟ್ಟಿದ ತಾಣಗಳು ಅಳಿದಿವೆ; ಪುಕ್ಕಟೆಯ ಬ್ಲಾಗುಗಳಲ್ಲಿ ಕೆಲವು ಇನ್ನೂ ಉಳಿದಿವೆ. ಆದ್ದರಿಂದ ದೋಷವಿರುವುದು ಪುಕ್ಕಟೆಯಲ್ಲಿ ಮಾತ್ರವಲ್ಲ. ಒಂದೇ ಪ್ರತಿಯನ್ನು ಒಂದೇ ಕಡೆ ಇಟ್ಟು ನಿಶ್ಚಿಂತರಾಗುವುದರಲ್ಲಿ.

ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯವರೆಗೆ ಹೋದರೆ ಸಾಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಡವಾಲೆಗಳು, ಪ್ರಾಕೃತವನ್ನು ಹಳಗನ್ನಡ ಲಿಪಿಯಲ್ಲಿ ಬರೆದವು, ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುವು. ಭಕ್ತರು ದರ್ಶನ ಮಾಡಿ ಕೈಮುಗಿಯುತ್ತಿದ್ದರು, ಓದುವವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲಿಸುವ ಕೆಲಸ ತೊಡಗಿ ವರ್ಷಗಟ್ಟಲೆ ನಡೆಯಿತು. ಲಿಪಿಕಾರರಲ್ಲಿ ಒಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅದರಿಂದ ಪ್ರತಿಗಳು ಹುಟ್ಟಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಮುದ್ರಣವಾಗತೊಡಗಿತು. ಆ ಗುಟ್ಟು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಬೇರೆ. ಕಾದವರು ಓಲೆಯನ್ನು ಉಳಿಸಿದರು. ನಕಲು ಮಾಡಿದವರು ಗ್ರಂಥವನ್ನು ಲೋಕಕ್ಕೆ ಕೊಟ್ಟರು.

ಅಚ್ಚಾದ ಪುಸ್ತಕಕ್ಕಾದರೂ ಕಾನೂನಿನ ಆಸರೆಯಿದೆ. 1954ರ ಶಾಸನದಂತೆ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಕೆಲವು ಗ್ರಂಥಾಲಯಗಳಿಗೂ ಪ್ರತಿ ಕಳುಹಿಸಬೇಕು. ಆ ಶಾಸನ ಹೇಳುವುದು ಪುಸ್ತಕಗಳನ್ನು, ವೃತ್ತಪತ್ರಿಕೆಗಳನ್ನು. ಇಂಗ್ಲೆಂಡಿನಲ್ಲಿ 2013ರಿಂದ ಜಾಲಪುಟಗಳನ್ನೂ ಗ್ರಂಥಾಲಯಗಳು ಸಂಗ್ರಹಿಸುತ್ತಿವೆ. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಕನ್ನಡದ ಮತ್ತು ತುಳುವಿನ ಜಾಲಬರಹಗಳನ್ನು ಹೀಗೆ ಕೂಡಿಡಲು ಏಕೆ ಮುಂದಾಗಬಾರದು? ಸಮ್ಮೇಳನದ ಒಂದು ಚಪ್ಪರದ ಖರ್ಚಿನಲ್ಲಿ ಎಷ್ಟೋ ಕೆಲಸವಾದೀತು. ಅದರಲ್ಲಿಯೂ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪುಟಗಳ ವಿಷಯದಲ್ಲಿ ಅವಸರ ಬೇಕು. ಹಳೆಯ ಅಕ್ಷರಜೋಡಣೆಯ ತಂತ್ರ ಕೈಯಲ್ಲಿಲ್ಲದಿದ್ದರೆ, ಪುಟ ಉಳಿದರೂ ಕನ್ನಡ ಕಾಣದು. ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಅಲ್ಲಿಯವರೆಗೆ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮಾಡಬಹುದಾದದ್ದು ಸಣ್ಣದು: ಕಾಗದದ ಮೇಲೊಂದು, ಮನೆಯ ಯಂತ್ರದಲ್ಲೊಂದು, ಇಂಟರ್‌ನೆಟ್ ಆರ್ಕೈವ್‌ನಂಥ ಸಾರ್ವಜನಿಕ ಭಂಡಾರದಲ್ಲೊಂದು ಪ್ರತಿ.

ನಮ್ಮ ಮಕ್ಕಳ ನೋಟುಪುಸ್ತಕಗಳಲ್ಲಿ ಒಂದು ಮಾತ್ರ ಮೊನ್ನೆ ಅಟ್ಟದ ಮೇಲೆ ಸಿಕ್ಕಿತು. ಗೆದ್ದಲು ತಿಂದು ಉಳಿದದ್ದರಲ್ಲಿ ಹನ್ನೊಂದು ಒಗಟುಗಳಿವೆ. ನಾಲ್ಕಕ್ಕೆ ಉತ್ತರ ಬರೆದಿಲ್ಲ. ಹೇಳಿದ ಅಜ್ಜಿ ತೀರಿಕೊಂಡು ಒಂಬತ್ತು ವರ್ಷವಾಯಿತು.