ಗೆರೆ ಮುಟ್ಟಿದವರಿಗೆ ಪಟ್ಟಿಯ ಭಯ

ಸಿಂಧನೂರಿನಲ್ಲಿ ಶಾಲಾ ಮಕ್ಕಳ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಎರೆ ನೆಲ. ರಾತ್ರಿ ಬಂದ ಮಳೆಗೆ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು. ದೈಹಿಕ ಶಿಕ್ಷಕರೊಬ್ಬರು ಪುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು ಮತ್ತೆ ಟ್ರ್ಯಾಕ್ ಹಾಕುತ್ತಿದ್ದರು. ಬರಿಗಾಲಲ್ಲಿ 800 ಮೀಟರ್ ಓಡಿ ಗೆದ್ದ ಕ್ಯಾಂಪಿನ ಹುಡುಗಿ ಏದುಸಿರು ಇಳಿಯುವ ಮೊದಲೇ ಅವರ ಬಳಿ ಬಂದಳು. ಎಷ್ಟು ನಿಮಿಷದಲ್ಲಿ ಓಡಿದೆ ಎಂದು ಕೇಳಲಿಲ್ಲ. “ಸರ್, ಜಿಲ್ಲಾಕ್ಕ ನನ್ನ ಹೆಸರು ಹೋಗ್ತೈತಿ ಹೌದಿಲ್ರಿ?” ಗೆದ್ದವರು ಮುಂದಿನ ಹಂತಕ್ಕೆ ಹೋಗುವುದು ನಿಯಮ. ಆದರೂ ಮಗುವಿಗೆ ಪಟ್ಟಿಯ ಭಯ.

ಈ ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತವರಿಗೂ ಇದೇ ಭಯವಿದೆ ಎಂಬುದಕ್ಕೆ ಏಷ್ಯನ್ ಅಥ್ಲೆಟಿಕ್ಸ್ ಸಂಸ್ಥೆಯ ಅರ್ಧ ಶತಮಾನದ ಚರಿತ್ರೆಯೇ ಸಾಕ್ಷಿ. ದಕ್ಷಿಣ ಅಮೆರಿಕದವರು 1918ರಲ್ಲೇ ತಮ್ಮ ಖಂಡಕ್ಕೊಂದು ಒಕ್ಕೂಟ ಕಟ್ಟಿಕೊಂಡಿದ್ದರು. ಏಷ್ಯಾಕ್ಕೆ ಅದು ಕೂಡಿಬಂದದ್ದು 1973ರ ನವೆಂಬರ್‌ನಲ್ಲಿ, ಮನಿಲಾ ಬಳಿಯ ಮರಿಕಿನಾದಲ್ಲಿ ಮೊದಲ ಏಷ್ಯನ್ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗ. ಕೂಸು ಕಣ್ಣು ಬಿಡುವಷ್ಟರಲ್ಲಿ ರಾಜಕೀಯ ಒಳಗೆ ಬಂದಿತ್ತು. 1974ರ ಟೆಹ್ರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಮೂರು ಚಿನ್ನ ಗೆದ್ದ ಎಸ್ತರ್ ರಾಟ್ ಅವರ ದೇಶ ಇಸ್ರೇಲ್‌ಗೆ 1978ರ ಬ್ಯಾಂಕಾಕ್ ಕೂಟದಲ್ಲಿ ಜಾಗವೇ ಇರಲಿಲ್ಲ. ಆ ದೇಶದ ಓಟಗಾರರು ಈಗ ಸ್ಪರ್ಧಿಸುವುದು ಯುರೋಪಿನ ಕೂಟಗಳಲ್ಲಿ. ಭೂಪಟ ಹೇಳುವುದೊಂದು, ಪಟ್ಟಿ ಹೇಳುವುದು ಇನ್ನೊಂದು.

ಭಾರತೀಯರ ಮಟ್ಟಿಗೆ ಈ ಸಂಸ್ಥೆಯ ಕೂಟವೆಂದರೆ 1985ರ ಜಕಾರ್ತ. ಪಿ.ಟಿ. ಉಷಾ ಐದು ಚಿನ್ನ, ಒಂದು ಕಂಚು ಹೊತ್ತು ತಂದ ಕೂಟ. ಆಟಗಾರರ ನೆನಪು ಹೀಗಿದ್ದರೆ, ಆಡಳಿತದವರ ನೆನಪು ಬೇರೆ. ಸುರೇಶ್ ಕಲ್ಮಾಡಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸಂಸ್ಥೆಯ ಅಧ್ಯಕ್ಷರಾಗಿದ್ದರು. 2013ರ ಚಾಂಪಿಯನ್‌ಷಿಪ್ ಚೆನ್ನೈನಲ್ಲಿ ನಡೆಯಬೇಕಿತ್ತು; ಶ್ರೀಲಂಕಾದ ಕ್ರೀಡಾಪಟುಗಳು ಬರುವುದಾದರೆ ಬೇಡವೆಂದು ಜಯಲಲಿತಾ ಸರ್ಕಾರ ಕೈಯೆತ್ತಿತು. ರಾಂಚಿಯಲ್ಲೂ ಆಗಲಿಲ್ಲ. ಕೊನೆಗೆ ಕೂಟ ಬಂದದ್ದು ಪುಣೆಗೆ, ಕಲ್ಮಾಡಿಯವರ ಸ್ವಂತ ಊರಿಗೆ. ಕೂಟ ಶುರುವಾಗುವ ಹೊಸ್ತಿಲಲ್ಲಿ ಅಲ್ಲೇ ನಡೆದ ಚುನಾವಣೆಯಲ್ಲಿ ಕತಾರ್‌ನ ದಹ್ಲಾನ್ ಅಲ್ ಹಮದ್ ಎದುರು ಅವರು ಸೋತರು. ದೇಶಕ್ಕೊಂದು ಮತ, ಚೀನಾಕ್ಕೂ ಒಂದೇ, ಮಾಲ್ಡೀವ್ಸ್‌ಗೂ ಒಂದೇ. ಆ ಲೆಕ್ಕ ನ್ಯಾಯವೆಂದೇ ನನಗೆ ಅನ್ನಿಸುತ್ತದೆ. ಆದರೆ ಆ ಮತ ಹಾಕುವವರು ಆಯಾ ದೇಶದ ಪದಾಧಿಕಾರಿಗಳು. ಅದೇ ಪುಣೆಯಲ್ಲಿ ಡಿಸ್ಕಸ್ಸನ್ನು 64.90 ಮೀಟರ್ ದೂರ ಎಸೆದು ಚಿನ್ನ ಗೆದ್ದ ಮೈಸೂರು ಸಂಜಾತ ವಿಕಾಸ್ ಗೌಡರಿಗಾಗಲಿ, ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ನಮ್ಮ ಎಂ.ಆರ್. ಪೂವಮ್ಮ ಅವರಿಗಾಗಲಿ ಅಲ್ಲಿ ಮತವಿಲ್ಲ.

ಮತ ಇಲ್ಲದಿದ್ದರೆ ಬೇಡ, ಗೆದ್ದದ್ದಾದರೂ ಉಳಿಯಬೇಕಲ್ಲ? 2017ರಲ್ಲಿ ಅದೂ ಉಳಿಯಲಿಲ್ಲ. ಆ ವರ್ಷವೂ ರಾಂಚಿ ಹಿಂದೆ ಸರಿದು, ಭುವನೇಶ್ವರ ಮೂರೇ ತಿಂಗಳಲ್ಲಿ ಕಳಿಂಗ ಕ್ರೀಡಾಂಗಣ ಸಜ್ಜುಮಾಡಿತ್ತು. ಭಾರತ 12 ಚಿನ್ನ ಸೇರಿ 29 ಪದಕ ಗೆದ್ದು ಮೊದಲ ಬಾರಿಗೆ ಪಟ್ಟಿಯ ತುದಿಗೇರಿತು. ಖಂಡದ ಚಾಂಪಿಯನ್ ಆದವರಿಗೆ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ಬಾಗಿಲು ತೆರೆದಿತ್ತು. ಆದರೆ 1500 ಮೀಟರ್ ಗೆದ್ದ ಪಿ.ಯು. ಚಿತ್ರಾ ಹೆಸರು ರಾಷ್ಟ್ರೀಯ ಫೆಡರೇಷನ್ನಿನ ಪಟ್ಟಿಯಲ್ಲಿ ಇರಲಿಲ್ಲ. ಅಜಯ್ ಕುಮಾರ್ ಸರೋಜ್, ಸುಧಾ ಸಿಂಗ್ ಅವರದೂ ಅದೇ ಕಥೆ. ಪಾಲಕ್ಕಾಡಿನ ಕೂಲಿ ಕಾರ್ಮಿಕರ ಮಗಳು ಚಿತ್ರಾ ಕೇರಳ ಹೈಕೋರ್ಟ್ ಮೆಟ್ಟಿಲೇರಿದರು. ಕೋರ್ಟು ಸೇರಿಸಿ ಎಂದಿತು. ಅಷ್ಟರಲ್ಲಿ ಹೆಸರು ಕಳಿಸುವ ಗಡುವು ಮುಗಿದಿದೆ ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಬಾಗಿಲು ಹಾಕಿತು.

ಲಂಡನ್ನಿಗೆ ಹೋಗಿದ್ದರೂ ಅವರು ಪದಕ ಗೆಲ್ಲುತ್ತಿರಲಿಲ್ಲ ಎಂಬ ವಾದವಿತ್ತು. ಇರಬಹುದು. ಆದರೆ ಅದು ಟ್ರ್ಯಾಕ್ ಮೇಲೆ ತೀರ್ಮಾನವಾಗಬೇಕಾದ ಮಾತು, ಸಭೆಯ ಮೇಜಿನ ಸುತ್ತ ಅಲ್ಲ. ಕ್ರಿಕೆಟ್‌ನಂಥ ತಂಡದ ಆಟದಲ್ಲಿ ಆಯ್ಕೆದಾರರ ಕಣ್ಣು ಬೇಕು. ಓಟಕ್ಕೆ ಗಡಿಯಾರವಿದೆ, ಗೆರೆಯಿದೆ. ಅಷ್ಟು ನಿಚ್ಚಳವಾದ ಆಟಕ್ಕೂ ಸಮಿತಿಯ ಮರ್ಜಿ ಅಂಟಿಸಿದರೆ, ದೂರದ ಊರಿನ ಮಕ್ಕಳೇ ಮೊದಲು ಹೊರಗುಳಿಯುವುದು. ಲಿಂಗಸುಗೂರು, ಮಸ್ಕಿಯಿಂದ ಬೆಂಗಳೂರಿನ ಕಂಠೀರವಕ್ಕೆ ಒಂದು ರಾತ್ರಿಯ ಬಸ್ ಪ್ರಯಾಣ. ಅಲ್ಲಿ ಪಟ್ಟಿ ಬರೆಯುವಾಗ ಪಕ್ಕದಲ್ಲಿ ನಿಂತು ಕೇಳುವವರು ಇವರಿಗೆ ಯಾರೂ ಇರುವುದಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಫೈನಲ್ ಮುಗಿದ ಸಂಜೆಯೇ ಗೆದ್ದವರ ಹೆಸರು, ಟೈಮಿಂಗ್ ಬರೆದು ಮೈದಾನದ ಗೋಡೆಗೆ ಅಂಟಿಸಲಿ, ತಾಲ್ಲೂಕಿನಲ್ಲೂ, ರಾಜ್ಯದಲ್ಲೂ. ಹೆಸರು ಕೈಬಿಟ್ಟರೆ ಕಾರಣವನ್ನು ಅದೇ ಕಾಗದದಲ್ಲಿ, ಮೇಲ್ಮನವಿಗೆ ಸಮಯ ಇರುವಾಗಲೇ ಬರೆಯಲಿ. ಚಿತ್ರಾ ವಿಷಯದಲ್ಲಿ ಕೈಕೊಟ್ಟದ್ದು ಆ ಸಮಯವೇ. ಅವರು 2019ರಲ್ಲಿ ದೋಹಾಕ್ಕೆ ಹೋಗಿ ಅದೇ 1500 ಮೀಟರ್ ಓಟದಲ್ಲಿ ಮತ್ತೆ ಏಷ್ಯಾ ಚಿನ್ನ ಗೆದ್ದರು.

ಸಿಂಧನೂರಿನ ಹುಡುಗಿಗೆ ಮೇಷ್ಟ್ರು, “ಹೋಗ್ತೈತಿ, ಹೋಗು ನೀರು ಕುಡಿ” ಎಂದರು. ಅವಳು ನೀರು ಕುಡಿದು ಬಂದು, ಶಾಮಿಯಾನದಡಿ ಪಟ್ಟಿ ಬರೆಯುತ್ತಿದ್ದವರ ಬೆನ್ನ ಹಿಂದೆ ನಿಂತುಕೊಂಡಳು.