ಅಳೆಯದ ನೆಲಕ್ಕೆ ಅಂಟಿಸಿದ ನಂಬರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕು ಕಚೇರಿಗಾದರೂ ಹೋಗಿ ನಿಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಸಾಗುವಳಿ ಚೀಟಿ ಹಿಡಿದ ಮುದುಕರು ಕಾದು ಕೂತಿರುತ್ತಾರೆ. ಸರ್ಕಾರವೇ ಕೊಟ್ಟ ಜಮೀನು, ಸರ್ಕಾರವೇ ಕೊಟ್ಟ ಚೀಟಿ. ಆದರೂ ‘ಸಿಸ್ಟಂನಲ್ಲಿ ಬರ್ತಿಲ್ಲ’ ಅಂದರೆ ಅಲ್ಲಿಗೆ ಮುಗಿಯಿತು.

2000ದ ಸುಮಾರಿಗೆ ಶುರುವಾದ ‘ಭೂಮಿ’ ಯೋಜನೆ 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಲೆಕ್ಕಿಗರ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು, ಅದನ್ನು ಅಲ್ಲಗಳೆಯಲಾರೆ. ನನ್ನ ಸಿಟ್ಟಿರುವುದು ಆಮೇಲಿನ ನಿರ್ಧಾರದ ಮೇಲೆ. ಹಳೆಯ ಪುಸ್ತಕದ ತಪ್ಪಿನ ಜೊತೆಗೆ ಟೈಪು ಮಾಡಿದವರ ತಪ್ಪೂ ಸೇರಿಕೊಂಡಿತ್ತು. ಅದನ್ನು ತೊಳೆಯುವ ಮೊದಲೇ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸಾರಿಬಿಟ್ಟರು. ಪರದೆಯ ಮೇಲಿದ್ದದ್ದೇ ಸತ್ಯವಾಯಿತು.

ನಮ್ಮ ಕೋಲಾರ ಜಿಲ್ಲೆಗೆ ಬಿದ್ದ ಪೆಟ್ಟು ದೊಡ್ಡದು. ಇಲ್ಲಿ ಗೋಮಾಳದಲ್ಲಿ ದರಖಾಸ್ತು ಮಂಜೂರಾದವರು ಬಹಳ, ಅವರಲ್ಲಿ ದಲಿತರು ಬಹಳ. ಒಂದೇ ಸರ್ವೆ ನಂಬರಿನೊಳಗೆ ಹತ್ತಾರು ಮಂದಿಗೆ ಎಕರೆ, ಎರಡೆಕರೆ. ಸರ್ವೆಯರು ಬಂದು ಅಳೆದು, ತುಂಡುಗಳನ್ನು ಬೇರ್ಪಡಿಸಿ ಪೋಡಿ ಮಾಡಬೇಕಿತ್ತು, ಮಾಡಲಿಲ್ಲ. ಸಾಫ್ಟ್‌ವೇರಿಗೆ ಮಾತ್ರ ಪ್ರತಿ ತುಂಡಿಗೂ ಒಂದು ನಂಬರು ಬೇಕಿತ್ತು. ಪಿ1, ಪಿ2 ಎಂದು ಅಂಟಿಸಿದರು. ಪಹಣಿ ಬಂತು, ನಕ್ಷೆ ಇಲ್ಲ. ಎಷ್ಟೋ ಕಡೆ ಮಂಜೂರಾದದ್ದನ್ನೆಲ್ಲ ಕೂಡಿದರೆ ಸರ್ವೆ ನಂಬರಿನ ವಿಸ್ತೀರ್ಣವನ್ನೇ ಮೀರುತ್ತದೆ. ಕಂಪ್ಯೂಟರ್ ಬಂದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ ಎಂದು ನಂಬಿದವರು ಒಮ್ಮೆಯಾದರೂ ಈ ಹೊಲಗಳ ಬದುವಿನ ಮೇಲೆ ನಡೆದಿದ್ದರೇ?

ಆಮೇಲೆ ಇದೇ ಪಹಣಿಯ ಮೇಲೆ ಆಸ್ತಿ ನೋಂದಣಿಯ ‘ಕಾವೇರಿ’, ರೈತರ ನೋಂದಣಿಯ ‘ಫ್ರೂಟ್ಸ್’, ಬೆಳೆ ಪರಿಹಾರ ಎಲ್ಲವನ್ನೂ ಜೋಡಿಸಿದರು. ಶ್ರೀನಿವಾಸಪುರದ ಮಾವಿನ ತೋಪಿನ ಪಹಣಿಯೊಂದನ್ನು ಊಹಿಸಿಕೊಳ್ಳಿ. ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ‘ವೆಂಕಟರಮಣಪ್ಪ’ ಹೋಗಿ ‘ವೆಂಕಟರಾಮಪ್ಪ’ ಆಗಿದೆ. ಆಧಾರಿಗೆ ಹೆಸರು ತಾಳೆಯಾಗದೆ ಫ್ರೂಟ್ಸ್ ಐಡಿ ನಿಲ್ಲುತ್ತದೆ, ಪರಿಹಾರ ನಿಲ್ಲುತ್ತದೆ, ಬ್ಯಾಂಕಿನ ಸಾಲ ನಿಲ್ಲುತ್ತದೆ. ತಿದ್ದಿಸಲು ಅರ್ಜಿ, ಅಫಿಡವಿಟ್, ಮೂಲ ದಾಖಲೆ ಎಲ್ಲವನ್ನೂ ರೈತನೇ ಹೊತ್ತು ತರಬೇಕು. ರೆಕಾರ್ಡ್ ರೂಮಿನಲ್ಲಿ ಕೇಳಿದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ. ಕಾಯಬೇಕಾದವರು ಕಳೆದರು, ದಂಡ ಮಾತ್ರ ರೈತನಿಗೆ!

ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಈಗ ನಡೆಯುತ್ತಿದೆ. ಕಾಲು ಶತಮಾನದ ಹಿಂದೆ, ಎಲ್ಲಕ್ಕಿಂತ ಮೊದಲು ಆಗಬೇಕಿದ್ದ ಕೆಲಸ ಅದು. ಈ ನಡುವೆ ಗೆದ್ದಲು ತಿಂದು ಪುಡಿಯಾದ ಹಾಳೆಯನ್ನು ಯಾವ ಸ್ಕ್ಯಾನರೂ ಓದಲಾರದು.

ಪಿ ನಂಬರಿನ ಪ್ರತಿ ಜಮೀನನ್ನೂ ಸರ್ಕಾರ ತನ್ನ ಖರ್ಚಿನಲ್ಲಿ ಅಳೆಯಲಿ. ಕಚೇರಿ ಮಾಡಿದ ತಪ್ಪನ್ನು ಕಚೇರಿಯೇ ಹುಡುಕಿ ತಿದ್ದಲಿ, ಅರ್ಜಿ ಕೇಳದಿರಲಿ. ಅಲ್ಲಿಯವರೆಗೆ ಹೊಸ ಆ್ಯಪ್ ಒಂದೂ ನಮಗೆ ಬೇಡ.